ಪ್ರಯೋಗ ವಿನ್ಯಾಸದ ಸಾಫ್ಟ್‌ವೇರ್: ನಾಲ್ಕು ವರ್ಷ ಬಳಸಿದ ಮೇಲೆ

ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ, ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ತೆಗೆಯುವುದು ನನ್ನ ಕೆಲಸ. ಮೊದಲೆಲ್ಲ ಒಂದು ಸಲಕ್ಕೆ ಒಂದೇ ಅಂಶ ಬದಲಿಸುತ್ತಿದ್ದೆ. ಪಿಎಚ್ ಮುಗಿಸಿ ತಾಪಮಾನ, ಅದು ಮುಗಿದ ಮೇಲೆ ಪಿಷ್ಟ. ತಾಪಮಾನ ಬದಲಾದ ಮೇಲೂ ಪಿಎಚ್‌ನ ಹಳೆಯ ಉತ್ತರ ನಿಲ್ಲುತ್ತದಾ ಅಂತ ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ಅದಕ್ಕೇ ಹಲವು ಅಂಶಗಳನ್ನು ಒಟ್ಟಿಗೆ ಬದಲಿಸುವ ಪ್ರಯೋಗಗಳ ಪಟ್ಟಿ ಮಾಡಿಕೊಡುವ ಈ ಸಾಫ್ಟ್‌ವೇರ್ ತೆಗೆದುಕೊಂಡೆ.

ಯಾವ ಅಂಶ ಮುಖ್ಯ, ಯಾವುದು ಅಲ್ಲ ಅಂತ ಶುರುವಿನಲ್ಲಿ ಜರಡಿ ಹಿಡಿಯುವ ಕೆಲಸಕ್ಕೆ ಚೆನ್ನಾಗಿದೆ. 1946ರ ಪ್ಲಾಕೆಟ್-ಬರ್ಮನ್ ವಿನ್ಯಾಸ 12 ಫ್ಲಾಸ್ಕ್‌ನಲ್ಲಿ 11 ಅಂಶಗಳವರೆಗೆ ಸೋಸುತ್ತದೆ. ಪಟ್ಟಿ ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ.

ಪೇಚಾಟ ಆಗಿದ್ದು ಮುಂದಿನ ಹಂತದಲ್ಲಿ. ಉಳಿದ ಅಂಶಗಳ ಅತ್ಯುತ್ತಮ ಮಟ್ಟ ಹುಡುಕಲು ಮೂರು ಅಂಶಕ್ಕೆ ಸೆಂಟ್ರಲ್ ಕಾಂಪೋಸಿಟ್ ವಿನ್ಯಾಸ ಕೇಳಿದೆ, 20 ಫ್ಲಾಸ್ಕ್ ಬಂತು. ಕ್ಯಾಲ್ಸಿಯಂ ಕ್ಲೋರೈಡ್‌ಗೆ ಶೇ 0.05ರಿಂದ 0.25 ಅಂತ ಕೊಟ್ಟಿದ್ದೆ. ಈ ವಿನ್ಯಾಸದ ಹೊರಬಿಂದುಗಳು, ನಡುವಿನಿಂದ ಕೊಟ್ಟ ಮಿತಿಗೆ ಎಷ್ಟು ದೂರವೋ ಅದರ 1.682 ಪಟ್ಟು ದೂರ ಹೋಗುತ್ತವೆ. ಹಾಳೆಯಲ್ಲಿ ಮೈನಸ್ 0.018 ಅಂತ ಬಂದಿತ್ತು! ತಕ್ಕಡಿ ಮುಂದೆ ಚಮಚ ಹಿಡಿದು ನಿಂತಾಗಲೇ ನಾನು ನೋಡಿದ್ದು. ಹಾಕದ ಉಪ್ಪನ್ನು ತೆಗೆಯುವುದು ಹೇಗೆ? ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಆಮೇಲಿಂದ ಜಾಸ್ತಿ ಬಾಕ್ಸ್-ಬೆನ್ಕೆನ್ ಎಂಬ ಇನ್ನೊಂದು ವಿನ್ಯಾಸ ಬಳಸುತ್ತೇನೆ, ಅದು ಕೊಟ್ಟ ಮಿತಿ ದಾಟುವುದಿಲ್ಲ.

ಇನ್ನೊಂದು ತಲೆನೋವು ಶೇಕರ್, ಅಂದರೆ ಫ್ಲಾಸ್ಕ್‌ಗಳನ್ನು ಬೆಚ್ಚಗಿಟ್ಟು ಅಲುಗಾಡಿಸುವ ಯಂತ್ರ. ಫ್ಲಾಸ್ಕ್‌ಗಳ ಕ್ರಮವನ್ನು ಸಾಫ್ಟ್‌ವೇರ್ ಕಲಸಿ ಕೊಡುತ್ತದೆ, ಅದು ಸರಿಯೇ. ಆದರೆ ಇರುವ ಒಂದೇ ಶೇಕರ್‌ಗೆ ಒಂದು ಹೊತ್ತಿಗೆ ಒಂದೇ ತಾಪಮಾನ. ಹಾಗಾಗಿ ಒಂದೇ ತಾಪಮಾನದವನ್ನೆಲ್ಲ ಒಟ್ಟಿಗೆ ಇಟ್ಟು, ಏನೂ ಆಗಿಲ್ಲ ಎನ್ನುವ ಹಾಗೆ ಲೆಕ್ಕ ಹಾಕುತ್ತಿದ್ದೆ. ಹೀಗೆ ಗುಂಪಾಗಿ ಇಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯಲೆಂದೇ ಸ್ಪ್ಲಿಟ್-ಪ್ಲಾಟ್ ಆಯ್ಕೆ ಇದೆ ಅಂತ ಗೊತ್ತಾಗಿದ್ದು ಎರಡನೇ ವರ್ಷ. ಮೆನುವಿನ ಯಾವುದೋ ಮೂಲೆಯಲ್ಲಿ ಅಡಗಿದೆ.

ಗ್ರಾಫ್ ಬಣ್ಣಬಣ್ಣದ್ದು, ನೋಡಿ ಮರುಳಾಗಬೇಡಿ. ಒಮ್ಮೆ ಆರ್-ಸ್ಕ್ವೇರ್ (ಇರುವ ಅಂಕಿಗಳಿಗೆ ಸೂತ್ರ ಎಷ್ಟು ಹೊಂದುತ್ತದೆ ಎನ್ನುವ ಅಳತೆ, 1 ಅಂದರೆ ಪೂರ್ತಿ) 0.98 ಬಂದಿತ್ತು, ಪ್ರೆಡಿಕ್ಟೆಡ್ ಆರ್-ಸ್ಕ್ವೇರ್ (ಹೊಸ ಅಂಕಿಗಳನ್ನು ಎಷ್ಟು ಊಹಿಸುತ್ತದೆ ಎನ್ನುವುದು) ಬರೀ 0.41. ಕೆದಕಿದರೆ ತಪ್ಪು ನಮ್ಮದೇ. ನಡುಬಿಂದುವಿಗೆ (ಎಲ್ಲ ಅಂಶವೂ ನಡುಮಟ್ಟದಲ್ಲಿರುವ ಪ್ರಯೋಗ) ಆರು ಬೇರೆ ಫ್ಲಾಸ್ಕ್ ಬೆಳೆಸುವ ಬದಲು, ಒಂದೇ ಫ್ಲಾಸ್ಕ್‌ನ ದ್ರವಕ್ಕೆ, ಪಿಷ್ಟ ಒಡೆದು ಬಂದ ಸಕ್ಕರೆಗೆ ಬಣ್ಣ ಬರಿಸುವ ಡಿಎನ್‌ಎಸ್ ಹಾಕಿ ಕುದಿಸಿ, 540 ನ್ಯಾನೋಮೀಟರ್‌ನಲ್ಲಿ ಆರು ಸಲ ಓದಿ ತುಂಬಿದ್ದೆವು. ಆ ಆರು ಅಂಕಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಫ್ಲಾಸ್ಕ್‌ನಿಂದ ಫ್ಲಾಸ್ಕ್‌ಗೆ ಆಗುವ ನಿಜವಾದ ಏರುಪೇರು ಕಾಣಲೇ ಇಲ್ಲ. ಇಂಥದ್ದನ್ನು ಯಾವ ಸಾಫ್ಟ್‌ವೇರ್ ಹಿಡಿಯುತ್ತದೆ ಹೇಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ವಾರ ಪಿಎಚ್ 6ರಿಂದ 8 ಕೊಟ್ಟರೆ 8 ಅತ್ಯುತ್ತಮ ಅಂದಿತು. ಕೊಟ್ಟ ಮಿತಿಯ ಗೋಡೆಗೇ ಒರಗಿದ ಉತ್ತರ ಅದು, ನಂಬುವ ಹಾಗಿಲ್ಲ. 7ರಿಂದ 9 ಇಟ್ಟು ಮತ್ತೆ ಫ್ಲಾಸ್ಕ್ ಹಾಕಿದ್ದೇನೆ, ನಾಳೆ ಬೆಳಿಗ್ಗೆ ತೆಗೆಯಬೇಕು.