ಯುರೋಪಿನ ಕಾನೂನನ್ನು ಮನೆಯಲ್ಲೇ ಕೂತು ಕಲಿತ ಆರು ವರ್ಷ: ಯೂರ್-ಲೆಕ್ಸ್, ಹೆಲ್ಪ್, ಇ-ಜಸ್ಟಿಸ್ ಬಳಸಿದ ಅನುಭವ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸೇವಾ ಕಂಪನಿಗಳ ಕರಾರುಪತ್ರ ನೋಡುವ ವಕೀಲೆ. 2019ರಲ್ಲಿ ಜರ್ಮನಿಯ ಗ್ರಾಹಕರೊಬ್ಬರ ಡೇಟಾ ಒಪ್ಪಂದ ಮೊದಲ ಸಲ ನನ್ನ ಮೇಜಿಗೆ ಬಂತು. ಎಲ್‌ಎಲ್‌ಬಿ ಓದಿದ ಐದು ವರ್ಷದಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿಗೆ ಒಂದು ಪೇಪರೂ ಇರಲಿಲ್ಲ. ಹೇಳಿಕೊಡುವ ಸೀನಿಯರ್ ಕೂಡ ಆಫೀಸಿನಲ್ಲಿ ಇರಲಿಲ್ಲ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು ಕಲಿಯಬೇಕಾಯಿತು. ಅಂದಿನಿಂದ ಇಂದಿನವರೆಗೆ ಬಳಸಿದ್ದರಲ್ಲಿ ಯಾವುದು ಕೈಹಿಡಿಯಿತು, ಯಾವುದು ಹಿಡಿಯಲಿಲ್ಲ ಅನ್ನುವುದನ್ನು ಇದೇ ದಾರಿಗೆ ಬರುವ ವಕೀಲರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಅನುಭವ ಹೇಳಿಬಿಡುತ್ತೇನೆ. 2021ರ ಆರಂಭದಲ್ಲಿ ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡೆ. ವಿಡಿಯೋ ಚೆಂದ, ಮಾತು ಸ್ಪಷ್ಟ. ಆದರೆ ಯುರೋಪಿನಿಂದ ಅಮೆರಿಕಕ್ಕೆ ಡೇಟಾ ಕಳಿಸಲು ಆ ಎರಡರ ನಡುವಿನ 'ಪ್ರೈವಸಿ ಶೀಲ್ಡ್' ವ್ಯವಸ್ಥೆ ಸಾಕು ಎಂದು ಅದರಲ್ಲಿ ಹೇಳುತ್ತಿದ್ದರು. ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಆ ವ್ಯವಸ್ಥೆಯನ್ನು 2020ರ ಜುಲೈ 16ರಂದೇ ರದ್ದು ಮಾಡಿತ್ತು, ಅದೇ ಷ್ರೆಮ್ಸ್ 2 ತೀರ್ಪು, ಪ್ರಕರಣ ಸಿ-311/18. ಅದು ನನಗೆ ಗೊತ್ತಾದದ್ದು ಕೋರ್ಸ್ ಅರ್ಧ ಮುಗಿದ ಮೇಲೆ, ಎದುರು ಕಕ್ಷಿಯ ವಕೀಲರು ಕಳಿಸಿದ ಇಮೇಲ್‌ನಿಂದ. ಆಮೇಲೆ ಯಾವ ಪಾಠವನ್ನಾದರೂ ಅದನ್ನು ಕೊನೆಯ ಸಲ ತಿದ್ದಿದ ದಿನಾಂಕ ನೋಡಿಯೇ ಶುರುಮಾಡುತ್ತೇನೆ. ದಿನಾಂಕ ಹಾಕದ ಪಾಠವನ್ನು ಮುಟ್ಟುವುದೇ ಇಲ್ಲ.

ನನ್ನ ನಿಜವಾದ ಗುರು ಯೂರ್-ಲೆಕ್ಸ್. ಒಕ್ಕೂಟದ ಶಾಸನ ಮತ್ತು ತೀರ್ಪುಗಳ ಅಧಿಕೃತ ಭಂಡಾರ ಇದು, ಪೂರ್ತಿ ಉಚಿತ. ಮೊದಲ ನೋಟಕ್ಕೆ ಹೆದರಿಕೆಯಾಗುತ್ತದೆ, ನಿಜ. ಆದರೆ ಪ್ರತಿ ದಾಖಲೆಗೂ ಕೊಡುವ ಗುರುತಿನ ಸಂಖ್ಯೆ, ಅಂದರೆ ಸೆಲೆಕ್ಸ್ ಸಂಖ್ಯೆ, ಓದುವುದು ಬಂದರೆ ಅರ್ಧ ಕೆಲಸ ಆದಂತೆ. ಒಕ್ಕೂಟದ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್‌ನ ಸಂಖ್ಯೆ ನೋಡಿ: ಮೊದಲು 3, ಅಂದರೆ ಶಾಸನ ವಿಭಾಗ. ಆಮೇಲೆ 2016, ವರ್ಷ. ನಂತರ ಬರುವ 'ಆರ್' ಅಕ್ಷರ ರೆಗ್ಯುಲೇಶನ್ (ಎಲ್ಲ ಸದಸ್ಯ ದೇಶಗಳಿಗೂ ನೇರವಾಗಿ ಅನ್ವಯಿಸುವ ಶಾಸನ) ಅಂತ ಹೇಳುತ್ತದೆ, ಡೈರೆಕ್ಟಿವ್ (ದೇಶಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದದ್ದು) ಆಗಿದ್ದರೆ ಅಲ್ಲಿ 'ಎಲ್' ಇರುತ್ತಿತ್ತು. ಕೊನೆಗೆ 0679, ಕ್ರಮಸಂಖ್ಯೆ. ಇದನ್ನು ನನಗೆ ಯಾವ ಕೋರ್ಸೂ ಮೊದಲ ದಿನ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಯೂರ್-ಲೆಕ್ಸ್‌ನಲ್ಲಿ ತಿದ್ದುಪಡಿಗಳನ್ನೆಲ್ಲ ಸೇರಿಸಿ ಕಟ್ಟಿದ ಕ್ರೋಡೀಕೃತ ಪಠ್ಯವೂ ಸಿಗುತ್ತದೆ. ಓದಲು ಅದೇ ಸುಲಭ. ಆದರೆ ಅದಕ್ಕೆ ಕಾನೂನಿನ ಬಲವಿಲ್ಲ, ಮಾಹಿತಿಗೆ ಮಾತ್ರ ಎಂದು ಅವರೇ ಬರೆದಿರುತ್ತಾರೆ. ಅಭಿಪ್ರಾಯ ಪತ್ರದಲ್ಲಿ ಉಲ್ಲೇಖಿಸುವಾಗ ಅಧಿಕೃತ ಗೆಜೆಟ್ಟಿನ ಪಠ್ಯಕ್ಕೇ ಹೋಗಬೇಕು. 2013ರ ಜುಲೈ 1ರಿಂದ ಆ ಗೆಜೆಟ್ಟಿನ ಎಲೆಕ್ಟ್ರಾನಿಕ್ ಆವೃತ್ತಿಯೇ ಅಧಿಕೃತ. ಇನ್ನೊಂದು ಅನುಕೂಲ ಅಂದರೆ ಒಂದೇ ಶಾಸನವನ್ನು ಎರಡು ಮೂರು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು. ಜರ್ಮನ್ ವಕೀಲರು ತಮ್ಮ ಭಾಷೆಯ ಪಠ್ಯ ಎತ್ತಿ ವಾದಿಸಿದಾಗ ಇದು ನನಗೆ ಆಸರೆಯಾಗಿದೆ. ಒಕ್ಕೂಟದ 24 ಅಧಿಕೃತ ಭಾಷೆಗಳ ಪಠ್ಯಕ್ಕೂ ಸಮಾನ ಮಾನ್ಯತೆ ಇರುವುದರಿಂದ 'ಇಂಗ್ಲಿಷಿನಲ್ಲಿ ಹೀಗಿದೆ' ಎಂದಷ್ಟೇ ಹೇಳಿದರೆ ವಾದ ಮುಗಿಯುವುದಿಲ್ಲ.

ನಮ್ಮ ಕಡೆಯ ವಕೀಲರು ಹೆಚ್ಚು ಎಡವುವುದು ರಿಸೈಟಲ್‌ಗಳ, ಅಂದರೆ ಶಾಸನದ ಪೀಠಿಕೆಯಲ್ಲಿ ನಂಬರ್ ಹಾಕಿ ಬರೆದ ಪ್ಯಾರಾಗಳ, ವಿಷಯದಲ್ಲಿ. ಜಿಡಿಪಿಆರ್‌ನಲ್ಲಿ 99 ವಿಧಿಗಳಿವೆ, ಅವುಗಳ ಮುಂದೆ 173 ರಿಸೈಟಲ್‌ಗಳಿವೆ. ನಮ್ಮ ಮಸೂದೆಗಳ ಜೊತೆ ಬರುವ 'ಉದ್ದೇಶ ಮತ್ತು ಕಾರಣಗಳ ಹೇಳಿಕೆ'ಗೆ ಇವು ಹತ್ತಿರ, ಆದರೆ ಶಾಸನದ ಒಳಗೇ ಇರುತ್ತವೆ. ಇವೇ ವಿಧಿ ಅಲ್ಲ, ಆದರೂ ವಿಧಿಯನ್ನು ಅರ್ಥೈಸಲು ನ್ಯಾಯಾಲಯ ಮತ್ತೆ ಮತ್ತೆ ಇವುಗಳ ಮೊರೆಹೋಗುತ್ತದೆ. ಚನ್ನಪಟ್ಟಣದ ಬೊಂಬೆ ಮಾರುವ ಒಂದು ಜಾಲತಾಣ ಇದೆ ಅಂದುಕೊಳ್ಳಿ. ಅದು ಬರ್ಲಿನ್‌ನಲ್ಲೂ ತೆರೆಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಜಿಡಿಪಿಆರ್ ಅನ್ವಯಿಸುವುದಿಲ್ಲ. ಅಲ್ಲಿನ ಜನರಿಗೆ ಮಾರುವ ಉದ್ದೇಶ ಕಾಣಬೇಕು. ಅಲ್ಲಿನ ಭಾಷೆ, ಅಲ್ಲಿನ ಹಣ ಬಳಸಿ ಆರ್ಡರ್ ಮಾಡಲು ಅವಕಾಶ ಕೊಡುವುದು ಆ ಉದ್ದೇಶದ ಸೂಚನೆಯಾಗಬಹುದು. ಇಷ್ಟನ್ನೂ ಹೇಳುವುದು 23ನೇ ರಿಸೈಟಲ್. ಕಾನೂನು ಎಲ್ಲಿ ಅನ್ವಯ ಎಂದು ಹೇಳುವ 3ನೇ ವಿಧಿಯನ್ನು ಮಾತ್ರ ಓದಿದವರಿಗೆ ಈ ಗೆರೆ ಕಾಣುವುದಿಲ್ಲ.

ತೀರ್ಪು ಓದುವುದಕ್ಕೂ ಬೇರೆಯೇ ಅಭ್ಯಾಸ ಬೇಕು. ನಮ್ಮ ಸುಪ್ರೀಂ ಕೋರ್ಟಿನಲ್ಲಿ ಒಬ್ಬೊಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆಯಬಹುದು, ಭಿನ್ನಮತ ದಾಖಲಿಸಬಹುದು. ಲಕ್ಸೆಂಬರ್ಗ್‌ನಲ್ಲಿ ಭಿನ್ನ ತೀರ್ಪೇ ಇಲ್ಲ, ಪೀಠದ್ದು ಒಂದೇ ಧ್ವನಿ. ಒಳಗಿನ ಕೆಲಸದ ಭಾಷೆ ಫ್ರೆಂಚ್, ಹಾಗಾಗಿ ಇಂಗ್ಲಿಷ್ ಪಠ್ಯದ ವಾಕ್ಯಗಳು ಬಿಗಿಯಾಗಿ, ಒಣಗಿದಂತೆ ಅನಿಸುತ್ತವೆ. ವಾದದ ಹಿಂದಿನ ಯೋಚನೆ ಸಿಗುವುದು ಅಡ್ವೊಕೇಟ್ ಜನರಲ್ ಅಭಿಪ್ರಾಯದಲ್ಲಿ. ನಮ್ಮ ರಾಜ್ಯಗಳ ಅಡ್ವೊಕೇಟ್ ಜನರಲ್ ಬೇರೆ, ಅವರು ಸರ್ಕಾರದ ವಕೀಲರು. ಅಲ್ಲಿ ಅವರು ನ್ಯಾಯಾಲಯದ ಭಾಗವೇ ಆಗಿದ್ದು, ತೀರ್ಪಿಗೆ ಮೊದಲು ಸ್ವತಂತ್ರವಾಗಿ ಅಭಿಪ್ರಾಯ ಕೊಡುತ್ತಾರೆ. ನ್ಯಾಯಾಲಯ ಅದನ್ನು ಒಪ್ಪಲೇಬೇಕೆಂದಿಲ್ಲ. ಷ್ರೆಮ್ಸ್ 2ರಲ್ಲಿ ಪ್ರೈವಸಿ ಶೀಲ್ಡ್ ಬಗ್ಗೆ ತೀರ್ಮಾನಿಸುವ ಅಗತ್ಯವಿಲ್ಲ ಎಂದು ಅಡ್ವೊಕೇಟ್ ಜನರಲ್ 2019ರ ಡಿಸೆಂಬರ್‌ನಲ್ಲಿ ಹೇಳಿದ್ದರು. ನ್ಯಾಯಾಲಯ ತೀರ್ಮಾನಿಸಿತು, ರದ್ದೂ ಮಾಡಿತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ ಆ ವಾರದಲ್ಲಿ ನಾನು ಕಲಿತಷ್ಟನ್ನು ಯಾವ ವಿಡಿಯೋದಿಂದಲೂ ಕಲಿತಿಲ್ಲ.

ಹೆಲ್ಪ್ ಅನ್ನುವುದು ಸ್ಟ್ರಾಸ್‌ಬರ್ಗ್‌ನ ಕೌನ್ಸಿಲ್ ಆಫ್ ಯುರೋಪ್ ನಡೆಸುವ ಕಲಿಕಾ ಕಾರ್ಯಕ್ರಮ. ವಕೀಲರು, ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳಿಗಾಗಿ ಮಾಡಿದ್ದು. ಖಾತೆ ತೆರೆದರೆ ಸ್ವಯಂ ಕಲಿಕೆಯ ಕೋರ್ಸ್‌ಗಳು ಯಾರಿಗಾದರೂ ಉಚಿತ, ಭಾರತದಲ್ಲಿ ಕೂತವರಿಗೂ ಸಹ. ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ: ಕೌನ್ಸಿಲ್ ಆಫ್ ಯುರೋಪ್ ಅಂದರೆ ಯುರೋಪಿಯನ್ ಒಕ್ಕೂಟ ಅಲ್ಲ. ಅದು 1949ರಲ್ಲಿ ಹುಟ್ಟಿದ, 46 ದೇಶಗಳ ಬೇರೆ ಸಂಸ್ಥೆ, ಮಾನವ ಹಕ್ಕುಗಳ ನ್ಯಾಯಾಲಯ ಇರುವುದು ಅದರ ಅಡಿ. ಒಕ್ಕೂಟದಲ್ಲಿರುವುದು 27 ದೇಶ. ಹಾಗಾಗಿ ಹೆಲ್ಪ್‌ನ ಡೇಟಾ ರಕ್ಷಣೆಯ ಪಾಠ ಹಕ್ಕುಗಳ ಕಡೆಯಿಂದ ಶುರುವಾಗುತ್ತದೆ. ಕರಾರಿನ ಷರತ್ತು ಬರೆಯುವುದನ್ನು ಅದರಲ್ಲಿ ಹುಡುಕಬೇಡಿ. ನನ್ನಂಥವರಿಗೆ ಅದು ತಳಪಾಯ. ಖಾಸಗಿತನ ಅಲ್ಲಿನವರಿಗೆ ಯಾಕೆ ಇಷ್ಟು ಮುಖ್ಯ ಅನ್ನುವುದು ಗೊತ್ತಾದ ಮೇಲೆ ಎದುರು ವಕೀಲರ ಹಠ ನನಗೆ ಹಠವಾಗಿ ಕಾಣುವುದು ನಿಂತಿತು.

ಒಕ್ಕೂಟದ ಇ-ಜಸ್ಟಿಸ್ ಪೋರ್ಟಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ದೇಶದಲ್ಲಿ ಯಾವ ನ್ಯಾಯಾಲಯ, ಯಾವ ನಮೂನೆ ಎಂದು ಹುಡುಕಲು ಒಳ್ಳೆಯದು. ತರಬೇತಿ ಸಾಮಗ್ರಿ ಹುಡುಕುವ ವ್ಯವಸ್ಥೆಯೂ ಇದೆ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ಅಷ್ಟೇ. ಒಕ್ಕೂಟದ ಮೂಲಭೂತ ಹಕ್ಕುಗಳ ಏಜೆನ್ಸಿ ಮತ್ತು ಕೌನ್ಸಿಲ್ ಆಫ್ ಯುರೋಪ್ ಸೇರಿ ತಂದ ಡೇಟಾ ರಕ್ಷಣೆಯ ಉಚಿತ ಕೈಪಿಡಿಯನ್ನು ಮಾತ್ರ ಮುದ್ರಿಸಿ ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಅದರ 2018ರ ಆವೃತ್ತಿ ಷ್ರೆಮ್ಸ್ 2ಕ್ಕಿಂತ ಹಿಂದಿನದು, ಆದ್ದರಿಂದ ವಿದೇಶಕ್ಕೆ ಡೇಟಾ ವರ್ಗಾಯಿಸುವ ಅಧ್ಯಾಯದ ಅಂಚಿನಲ್ಲೆಲ್ಲ ನನ್ನ ಪೆನ್ಸಿಲ್ ಟಿಪ್ಪಣಿಗಳಿವೆ.

ಇದೆಲ್ಲ ಪರೀಕ್ಷೆಗೆ ಬಂದದ್ದು 2022ರಲ್ಲಿ. ಭಾರತಕ್ಕೆ ಯುರೋಪಿನ ಅಡಿಕ್ವಸಿ ನಿರ್ಧಾರ, ಅಂದರೆ ಇಲ್ಲಿನ ಡೇಟಾ ರಕ್ಷಣೆ ಸಾಕಷ್ಟಿದೆ ಎಂಬ ಮಾನ್ಯತೆ, ಇಲ್ಲ, ಹಾಗಾಗಿ ನಮ್ಮ ಕಂಪನಿಗಳಿಗೆ ಡೇಟಾ ಬರುವುದು ಬಹುಪಾಲು ಸ್ಟ್ಯಾಂಡರ್ಡ್ ಕಾಂಟ್ರಾಕ್ಚುವಲ್ ಕ್ಲಾಸಸ್ ಎಂಬ ಸಿದ್ಧ ಕರಾರು ಷರತ್ತುಗಳ ಮೇಲೆ. ಹಳೆಯ ಷರತ್ತುಗಳ ಒಪ್ಪಂದಗಳನ್ನೆಲ್ಲ 2021ರ ಹೊಸ ಷರತ್ತುಗಳಿಗೆ ಬದಲಾಯಿಸಲು 2022ರ ಡಿಸೆಂಬರ್ 27 ಕೊನೆಯ ದಿನವಾಗಿತ್ತು. ಪ್ರತಿ ಒಪ್ಪಂದಕ್ಕೂ ಡೇಟಾ ಹೋಗುವ ದೇಶದ ಕಾನೂನಿನ ಮೌಲ್ಯಮಾಪನ ಬರೆಯಬೇಕು. ಷ್ರೆಮ್ಸ್ 2 ತೀರ್ಪಿನ 134ನೇ ಪ್ಯಾರಾ ಕೇಳುವುದು ಅದನ್ನೇ: ಒಂದೊಂದು ವರ್ಗಾವಣೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಅಂತ. ಮಾಹಿತಿಯನ್ನು ತಡೆಹಿಡಿದು ನೋಡಲು ನಮ್ಮ ಐಟಿ ಕಾಯ್ದೆಯ 69ನೇ ಕಲಂ ಸರ್ಕಾರಕ್ಕೆ ಕೊಡುವ ಅಧಿಕಾರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಬೇಕಿತ್ತು. ಅದರ ಪಕ್ಕದಲ್ಲೇ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪನ್ನೂ ಇಟ್ಟೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂದು ಬರೆಯುವಾಗ ಹೆಮ್ಮೆಯಾಯಿತು. ಆ ಭಾಗವನ್ನು ಬರೆಯಲು ಯಾವ ಕೋರ್ಸೂ ಕಲಿಸಿರಲಿಲ್ಲ. ಎರಡೂ ಕಡೆಯ ಮೂಲ ಪಠ್ಯ ಓದಿದ್ದರಿಂದ ಸಾಧ್ಯವಾಯಿತು.

ಹೆಲ್ಪ್ ಕೋರ್ಸ್ ಮುಗಿಸಿದರೆ ಸಿಗುವ ಪತ್ರದಿಂದ ಯುರೋಪಿನಲ್ಲಿ ವಕೀಲಿ ಮಾಡುವ ಹಕ್ಕು ಬರುವುದಿಲ್ಲ, ಅದಕ್ಕೆ ಆಯಾ ದೇಶದ ನಿಯಮಗಳೇ ಬೇರೆ. ಯೂರ್-ಲೆಕ್ಸ್‌ನಲ್ಲಿ ಖಾತೆ ತೆರೆದು ನಿಮ್ಮ ಹುಡುಕಾಟಗಳನ್ನು ಉಳಿಸಿಡಿ. 2024ರ ಅಕ್ಟೋಬರ್ 1ರಿಂದ ವ್ಯಾಟ್, ಕಸ್ಟಮ್ಸ್, ವಿಮಾನ ಪ್ರಯಾಣಿಕರ ಪರಿಹಾರದಂಥ ಕೆಲವು ವಿಷಯಗಳಲ್ಲಿ ಸದಸ್ಯ ದೇಶಗಳ ನ್ಯಾಯಾಲಯಗಳು ಒಕ್ಕೂಟದ ಕಾನೂನಿನ ಅರ್ಥ ಕೇಳಿ ಕಳಿಸುವ ಪ್ರಶ್ನೆಗಳು ಲಕ್ಸೆಂಬರ್ಗ್‌ನದೇ ಕೆಳಹಂತದ ಜನರಲ್ ಕೋರ್ಟಿಗೆ ಹೋಗುತ್ತಿವೆ. ಅದಕ್ಕಿಂತ ಹಳೆಯ ಪಾಠಗಳಲ್ಲಿ ಇದು ಸಿಗುವುದಿಲ್ಲ.

ಈಗ ಆಫೀಸಿಗೆ ಬರುವ ಜೂನಿಯರ್‌ಗಳಿಗೆ ಮೊದಲ ವಾರ ನಾನು ವಿಡಿಯೋ ತೋರಿಸುವುದಿಲ್ಲ. ಬೊಂಬೆ ಅಂಗಡಿಯ ಪ್ರಶ್ನೆ ಕೊಟ್ಟು ಯೂರ್-ಲೆಕ್ಸ್ ತೆರೆದುಕೊಡುತ್ತೇನೆ. ಹೋದ ಸಲ ಬಂದ ದಾವಣಗೆರೆಯ ಹುಡುಗಿ ಮೂರನೇ ದಿನ ಪ್ರಿಂಟ್‌ಔಟ್ ಹಿಡಿದು ಬಂದು, "ಮೇಡಂ, ವಿಧಿಯಲ್ಲಿ ಉತ್ತರ ಸಿಗಲಿಲ್ಲ, ಅದರ ಮುಂದೆ ಇದೇನೋ ನಂಬರ್ ಹಾಕಿ ಬರೆದಿದ್ದಾರಲ್ಲ, ಅದರಲ್ಲಿ ಸಿಕ್ಕಿತು" ಎಂದಳು. 23ನೆಯದರ ಕೆಳಗೆ ಗೆರೆ ಎಳೆದಿದ್ದಳು.