ಅಗ್ಗದ ಸ್ಪಂಜಿನಲ್ಲಿ ಕಾರು ತೊಳೆದರೆ ಬಣ್ಣಕ್ಕೆ ಗೀರು ಬೀಳುತ್ತಾ? ಮೂರು ವರ್ಷ ಬಳಸಿದ ಮೇಲೆ

ಟೈಲ್ಸ್ ಕೆಲಸದವರು ಸಂದಿಗೆ ತುಂಬುವ ಗ್ರೌಟ್ ಒರೆಸಲು ಬಳಸುವ ದಪ್ಪನೆಯ ಸ್ಪಂಜು ನೋಡಿರುತ್ತೀರಿ, ಅಲ್ವಾ? ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಕ್ಕೆ 50 ರೂಪಾಯಿ ಆಸುಪಾಸು. ಮೂರು ವರ್ಷಕ್ಕೂ ಮೇಲಾಯಿತು, ಬೆಂಗಳೂರಿನಲ್ಲಿ ನಮ್ಮ ಕಡುನೀಲಿ ಕಾರನ್ನು ಇದರಲ್ಲೇ ತೊಳೆಯುತ್ತಿದ್ದೇವೆ. ಕಡು ಬಣ್ಣದ ಮೇಲೆ ಸಣ್ಣ ಗೀರೂ ಎದ್ದು ಕಾಣುತ್ತದೆ. ಆದರೂ ರಾತ್ರಿ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿದರೆ, ಬೆಳಕಿನ ಸುತ್ತ ಬಳೆಬಳೆಯಾಗಿ ಕಾಣುವ ಆ ಗೀರುಗಳು ಇಲ್ಲ. ಬಾಗಿಲಿನ ಹಿಡಿಕೆ ಹತ್ತಿರ ಒಂದೆರಡು ಎಳೆ ಇವೆ, ಅವು ಉಗುರಿನದ್ದು.

ಗೀರು ಬೀಳುವುದು ಸ್ಪಂಜಿನಿಂದ ಅಲ್ಲ, ಅದರ ಕೆಳಗೆ ಸಿಕ್ಕಿಕೊಂಡ ಮರಳಿನಿಂದ. ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸುಮಾರು 40–50 ಮೈಕ್ರಾನ್, ಅಂದರೆ ಜೆರಾಕ್ಸ್ ಹಾಳೆಯ ಅರ್ಧದಷ್ಟು. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಗಾಜನ್ನೇ ಗೀಚುವಷ್ಟು ಗಟ್ಟಿ. ಅಂಥ ಕಣವನ್ನು ಒತ್ತಿ ಎಳೆದರೆ 50 ರೂಪಾಯಿ ಸ್ಪಂಜೂ ಒಂದೇ, ಸಾವಿರ ರೂಪಾಯಿ ಕೈಗವಸೂ ಒಂದೇ. ದುಬಾರಿ ಮೈಕ್ರೋಫೈಬರ್ ಕೈಗವಸಿಗೆ ಉದ್ದನೆಯ ಎಳೆಗಳಿರುತ್ತವೆ, ಕಣಗಳು ಅದರೊಳಗೆ ಹೋಗಿ ಕೂರುತ್ತವೆ. ಅಷ್ಟು ಲಾಭ ಅದಕ್ಕಿದೆ, ಒಪ್ಪುತ್ತೇನೆ. ಆದರೆ ಅದು ನೆಲಕ್ಕೆ ಬಿದ್ದರೆ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊಡವಿ ಮತ್ತೆ ಬಳಸುತ್ತಾರೆ. ಅಗ್ಗದ ಸ್ಪಂಜಿನ ದೊಡ್ಡ ಗುಣ ಇರುವುದು ಇಲ್ಲೇ. ಐದಾರು ಒಟ್ಟಿಗೆ ಕೊಳ್ಳಬಹುದು, ಅನುಮಾನ ಬಂದ ತಕ್ಷಣ ಕೈಬಿಡಬಹುದು.

ನಾನು ಬಳಸುವುದು ಹೀಗೆ. ಮೊದಲು ಗಿಡಗಳಿಗೆ ಔಷಧಿ ಹೊಡೆಯುವ ಪುಟ್ಟ ಕೈಪಂಪಿನಿಂದ ಕಾರಿಗೆಲ್ಲ ನೀರು ಸಿಂಪಡಿಸಿ, ಮೇಲಿನಿಂದ ಕೆಳಕ್ಕೆ ಧೂಳು ಇಳಿಸುತ್ತೇನೆ. ಈ ಪಂಪು ಹೊಸದಿರಬೇಕು, ಔಷಧಿ ಹಾಕಿದ್ದು ಬೇಡ. ಒಂದು ಬಕೆಟ್‌ನಲ್ಲಿ ಕಾರ್ ಶಾಂಪೂ ಕಲಸಿ ಸ್ಪಂಜುಗಳನ್ನೆಲ್ಲ ಅದರಲ್ಲೇ ನೆನೆಹಾಕುತ್ತೇನೆ. ಒಂದು ಸ್ಪಂಜು ತೆಗೆದು ಟಾಪ್ ಒರೆಸಿದರೆ, ಅದನ್ನು ತಿರುಗಿಸಿ ಇನ್ನೊಂದು ಮುಖದಿಂದ ಗಾಜು. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಅದು ಶಾಂಪೂ ನೀರಿಗೆ ವಾಪಸ್ ಹೋಗುವುದಿಲ್ಲ, ಪಕ್ಕದ ಖಾಲಿ ಬಕೆಟ್‌ಗೆ ಬೀಳುತ್ತದೆ. ಬಾನೆಟ್‌ಗೆ ಶಾಂಪೂ ನೀರಿನಿಂದ ಇನ್ನೊಂದು ಸ್ಪಂಜು. ಬಾಗಿಲುಗಳ ಕೆಳಭಾಗ ಮತ್ತು ಬಂಪರ್ ಕೊನೆಗೆ, ಏಕೆಂದರೆ ಚಕ್ರ ಎರಚಿದ ಮರಳೆಲ್ಲ ಅಲ್ಲೇ ಇರುತ್ತದೆ. ಒತ್ತುವ ಹಾಗಿಲ್ಲ, ಸ್ಪಂಜಿನ ಭಾರವೇ ಸಾಕು. ಗುಂಡಗೆ ಉಜ್ಜಬೇಡಿ, ಉದ್ದಕ್ಕೆ ಎಳೆಯಿರಿ. ಚಕ್ರಕ್ಕೆ ಬೇರೆಯದೇ ಸ್ಪಂಜು. ಬ್ರೇಕ್ ಧೂಳಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಅದು ಬಣ್ಣದ ಹತ್ತಿರ ಸುಳಿಯಲೇಬಾರದು. ಗುರುತಿಗೆ ಆ ಸ್ಪಂಜಿನ ಮೂಲೆ ಕತ್ತರಿಸಿದ್ದೇನೆ.

ಎಲ್ಲ ಅಗ್ಗದ ಸ್ಪಂಜೂ ನಡೆಯುವುದಿಲ್ಲ. ಪಾತ್ರೆ ತೊಳೆಯುವ, ಒಂದು ಬದಿಗೆ ಹಸಿರು ನಾರು ಇರುವುದನ್ನು ಮುಟ್ಟಲೇಬೇಡಿ. ಆ ಹಸಿರು ಭಾಗ ಉಜ್ಜಿ ಕೆರೆಯಲೆಂದೇ ಮಾಡಿದ್ದು. ತೂತು ಸಣ್ಣಗಿದ್ದು ಮುಖ ಚಪ್ಪಟೆಯಾಗಿರುವ ಸ್ಪಂಜೂ ಬೇಡ, ಮರಳಿಗೆ ಒಳಗೆ ಹೋಗಲು ಜಾಗವೇ ಇಲ್ಲ. ದೊಡ್ಡ ತೂತಿನದ್ದು ಬೇಕು. ಎಂಟರ ಆಕಾರದ ಬಣ್ಣಬಣ್ಣದ ಸ್ಪಂಜನ್ನೂ ಬಳಸಿ ನೋಡಿದೆ. ಹಿಡಿಯಲು ಸುಲಭ, ಆದರೆ ನನ್ನ ಬಳಿ ಕೆಲವೇ ತಿಂಗಳಲ್ಲಿ ಅಂಚು ಪುಡಿಯಾಯಿತು. ಕೊಂಡದ್ದು ಮೆತ್ತಗಿದೆಯೋ ಇಲ್ಲವೋ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಮನೆಯಲ್ಲಿ ಬೇಡವಾದ ಸಿಡಿ ಇದ್ದರೆ, ಅದರ ಹೊಳೆಯುವ ಬದಿಗೆ ಒದ್ದೆ ಸ್ಪಂಜಿನಿಂದ ಚೆನ್ನಾಗಿ ಉಜ್ಜಿ. ಗೆರೆ ಬಿತ್ತೇ, ಆ ಸ್ಪಂಜು ಚಕ್ರಕ್ಕೆ.

ತೊಳೆದ ಮೇಲೆ ಸ್ಪಂಜುಗಳನ್ನು ಹಿಂಡಿ ಹಿಂಡಿ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಬೇಗ ಪುಡಿಪುಡಿಯಾಗುತ್ತದೆ. ಹೀಗೆ ನೋಡಿಕೊಂಡರೆ ಒಂದು ಸೆಟ್ ಆರೇಳು ತಿಂಗಳು ಬರುತ್ತದೆ.

ನೀರಿನ ವಿಷಯಕ್ಕೆ ಈ ಪದ್ಧತಿ ನನಗೆ ಇನ್ನೂ ಜಾಸ್ತಿ ಇಷ್ಟ. ಮಾರ್ಚ್ 2024ರಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಅದು ಸರಿಯಾದದ್ದೇ. ಟ್ಯಾಂಕರ್‌ಗಾಗಿ ಜನ ಕಾಯುತ್ತಿರುವಾಗ ಪೈಪ್ ಬಿಟ್ಟು ಕಾರು ತೊಳೆಯುವುದು ನ್ಯಾಯವಲ್ಲ. ನಮಗೆ ಎರಡು ಬಕೆಟ್ ನೀರು ಸಾಕು. ಹಿಡಿದಿಟ್ಟ ಮಳೆ ನೀರಿದ್ದರೆ ಅದು, ಇಲ್ಲದಿದ್ದರೆ ಬೋರ್‌ವೆಲ್ ನೀರು. ಬೋರ್‌ವೆಲ್ ನೀರು ಗಡಸು, ಆರಿದರೆ ಬಿಳಿ ಕಲೆ ಉಳಿಯುತ್ತದೆ. ಹಾಗಾಗಿ ಬಿಸಿಲೇರುವ ಮೊದಲೇ ತೊಳೆದು ತಕ್ಷಣ ಮೈಕ್ರೋಫೈಬರ್ ಬಟ್ಟೆಯಿಂದ ನೀರು ತೆಗೆಯಬೇಕು. ಆರ್‌ಒ ಫಿಲ್ಟರ್‌ನಿಂದ ಹೊರಬೀಳುವ ವೇಸ್ಟ್ ನೀರಿನಲ್ಲಿ ಲವಣ ಇನ್ನೂ ಜಾಸ್ತಿ, ಕೊನೆಗೆ ಶಾಂಪೂ ತೊಳೆಯಲು ಅದು ಬೇಡ.

ಸ್ಪಂಜಿಗಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ಅಣ್ಣ ಬೆಳಗಿನ ಜಾವವೇ ಬರುತ್ತಾರೆ. ಸಾಲುಗಟ್ಟಿ ನಿಂತ ಕಾರುಗಳಿಗೆಲ್ಲ ಒಂದೇ ಬಟ್ಟೆ, ಒಂದೇ ಬಕೆಟ್. ಅವರಿಗೆ ಕೊಟ್ಟಿರುವ ಸಮಯದಲ್ಲಿ ಬೇರೆ ದಾರಿಯೇ ಇಲ್ಲ. "ದಿನಾ ಒರೆಸೋದು ಬೇಡ ಅಣ್ಣ, ವಾರಕ್ಕೊಂದು ಸಲ ಈ ಸ್ಪಂಜಲ್ಲಿ ತೊಳೀರಿ, ದುಡ್ಡು ಅಷ್ಟೇ ಕೊಡ್ತೀನಿ" ಎಂದೆ. "ಧೂಳು ಕಾಣ್ಸುತ್ತಲ್ಲ ಮೇಡಂ" ಎಂದರು. ಕಾಣಲಿ ಬಿಡಿ ಎಂದೆ. ಧೂಳು ಸುಮ್ನೆ ಕೂತಿದ್ದರೆ ಏನೂ ಮಾಡುವುದಿಲ್ಲ, ಬಟ್ಟೆಯಲ್ಲಿ ಎಳೆದಾಗಲೇ ಗೀರು. ಈಗ ಅವರೇ ಸ್ಪಂಜು ತಿರುಗಿಸುವ ಕ್ರಮವನ್ನು ನನಗಿಂತ ಚೆನ್ನಾಗಿ ಪಾಲಿಸುತ್ತಾರೆ. ನಾನು ಊರಲ್ಲಿಲ್ಲದ ವಾರ ಎಲ್ಲ ಅವರದ್ದೇ.

ಕೊರತೆಗಳೂ ಇವೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋಗಿ ಕೆಸರು ಮೆತ್ತಿಕೊಂಡು ಬಂದರೆ ಸ್ಪಂಜು ತಾಗಿಸುವ ಮಾತೇ ಇಲ್ಲ. ಮೊದಲು ವಾಟರ್ ಸರ್ವಿಸ್‌ಗೆ ಕೊಟ್ಟು ಜೋರು ನೀರಲ್ಲಿ ಕೆಸರು ಬಿಡಿಸಬೇಕು. ಹಕ್ಕಿ ಹಿಕ್ಕೆ, ಮರದ ಅಂಟಿನ ಮೇಲೂ ಸ್ಪಂಜು ಉಜ್ಜಬಾರದು. ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಟ್ಟರೆ ಹಿಕ್ಕೆ ತಾನೇ ಸಡಿಲವಾಗುತ್ತದೆ. ಅಂಟಿಗೆ ಇನ್ನಷ್ಟು ತಾಳ್ಮೆ ಬೇಕು.

ಈಗಾಗಲೇ ಗೀರು ತುಂಬಿರುವ ಕಾರಿಗೆ ಇದು ಔಷಧಿಯಲ್ಲ. ಇದ್ದ ಗೀರು ತೆಗೆಯಲು ಮೆಷಿನ್ ಪಾಲಿಶ್ ಬೇಕು, ಪ್ರತಿ ಪಾಲಿಶ್‌ಗೂ ಆ ತೆಳು ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ. ಒಂದು ಸಲ ಮಾಡಿಸಿಕೊಂಡು, ಮನೆಗೆ ಬರುವ ದಾರಿಯಲ್ಲಿ ಅರ್ಧ ಡಜನ್ ಸ್ಪಂಜು ತೆಗೆದುಕೊಂಡು ಬನ್ನಿ.