ನಿರ್ದೇಶಕರಾಗಿ ಬನ್ನಿ ಎಂದು ಕರೆದರೆ ಮೊದಲು ಇದನ್ನು ಓದಿ

ನಮ್ಮೂರಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ನಾಲ್ಕು ವರ್ಷ ನಿರ್ದೇಶಕನಾಗಿದ್ದೆ. ಬಾಗಲಕೋಟೆ ಜಿಲ್ಲೆಯ ನೇಕಾರರ ಊರು, ಅಷ್ಟು ಹೇಳಿದರೆ ಸಾಕು. ವಿಚಾರಣೆ ಇನ್ನೂ ಮುಗಿದಿಲ್ಲ, ಹಾಗಾಗಿ ಸಂಘದ ಹೆಸರು ಬರೆಯುವುದಿಲ್ಲ. ನನ್ನದು ನೂಲಿನ ಅಂಗಡಿ. ಲೆಕ್ಕ ಗೊತ್ತಿಲ್ಲದವನೇನಲ್ಲ. ಆದರೂ ಮೋಸದ ಕಾಗದಗಳ ಮೇಲೆ ನನ್ನ ಸಹಿ ಇದೆ.

ಕರೆದಾಗ ಹಿಗ್ಗಿದ್ದು ನಿಜ. ಶಾಲು, ಹಾರ, ಮದುವೆ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ನಿರ್ದೇಶಕರು’ ಅಂತ. ಯಾರಿಗೆ ಬೇಡ ಹೇಳಿ? ತಿಂಗಳಿಗೊಂದು ಸಭೆ. ಚಹಾ, ಮಿರ್ಚಿ ಭಜಿ ಬರುವ ಹೊತ್ತಿಗೆ ಸರಿಯಾಗಿ ಕಾರ್ಯದರ್ಶಿ ಠರಾವು ಪುಸ್ತಕ ಮುಂದಿಡುತ್ತಿದ್ದರು. “ಇಲ್ಲೊಂದು ಸಹಿ ಮಾಡ್ರಿ ಸಾಹುಕಾರ್ರ.” ಮಾಡುತ್ತಿದ್ದೆ. ಒಂದೆರಡು ಸಲ ಠರಾವು ಬರೆಯುವ ಮೊದಲೇ, ಖಾಲಿ ಹಾಳೆಗೆ ಮಾಡಿದ್ದೂ ಉಂಟು.

ಒಂದು ಮಧ್ಯಾಹ್ನ ನೇಕಾರ ಹೆಣ್ಣುಮಗಳೊಬ್ಬರು ನೋಟಿಸ್ ಹಿಡಿದು ಅಂಗಡಿಗೆ ಬಂದರು. ನಮ್ಮಲ್ಲೇ ನೂಲು ಒಯ್ಯುವವರು. “ಅಣ್ಣಾರ, ನೀವ ಅದೀರಲ್ಲ ಸಂಘದಾಗ. ನಾ ಯಾವಾಗ ಮೂರು ಲಕ್ಷ ಸಾಲ ತಗೊಂಡೇನ್ರಿ?” ಅವರು ಪಿಗ್ಮಿ ಖಾತೆ ತೆರೆಯಲು ಆಧಾರ್ ನಕಲು ಕೊಟ್ಟು, ತೋರಿಸಿದಲ್ಲೆಲ್ಲ ಸಹಿ ಮಾಡಿದ್ದರು, ಅಷ್ಟೇ. ಫೈಲ್ ತೆಗೆಸಿ ನೋಡಿದೆ. ಸಾಲದ ಅರ್ಜಿ ಇತ್ತು. ಇಬ್ಬರು ಜಾಮೀನುದಾರರಿದ್ದರು, ಅವರಿಗೂ ಏನೂ ಗೊತ್ತಿರಲಿಲ್ಲ. ಮಂಜೂರಾತಿ ಠರಾವಿನ ಕೆಳಗೆ ನನ್ನ ಸಹಿ.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಚೇರ್ಮನ್ನರ ನೆಂಟರ ವ್ಯಾಪಾರಗಳಿಗೆ ದೊಡ್ಡ ಸಾಲ ಹೋಗಿತ್ತು, ವಾಪಸ್ ಬಂದಿರಲಿಲ್ಲ. ಅದನ್ನು ಸುಸ್ತಿ, ಅಂದರೆ ಗಡುವು ಮೀರಿಯೂ ಕಟ್ಟದ ಸಾಲ ಎಂದು ತೋರಿಸಿದರೆ ಆಡಿಟ್ ದರ್ಜೆ ಇಳಿಯುತ್ತದೆ, ಠೇವಣಿ ಇಟ್ಟವರು ಬಾಗಿಲಿಗೆ ಬರುತ್ತಾರೆ. ಅದಕ್ಕೆ ಪ್ರತಿ ಮಾರ್ಚ್ ಕೊನೆಯ ವಾರ ಬಡವರ ಹೆಸರಲ್ಲಿ ಹೊಸ ಸಾಲ ಬರೆದು, ಅದೇ ದುಡ್ಡನ್ನು ಹಳೆ ಸಾಲಕ್ಕೆ ಜಮಾ ಮಾಡುತ್ತಿದ್ದರು. ಪುಸ್ತಕದಲ್ಲಿ ವಸೂಲಿಯೂ ಚೆಂದ, ವಿತರಣೆಯೂ ಚೆಂದ. ಕಪಾಟಿನಿಂದ ಒಂದು ನೋಟೂ ಹೊರಗೆ ಹೋಗಿಲ್ಲ, ಒಳಗೂ ಬಂದಿಲ್ಲ! ಬಾರದ ಬಡ್ಡಿಯನ್ನೂ ಆದಾಯ ಅಂತ ಬರೆದು ಲಾಭ ತೋರಿಸುತ್ತಿದ್ದರು. ಆ ಲಾಭದಲ್ಲಿ ಷೇರುದಾರ ಸದಸ್ಯರಿಗೆ ಪಾಲು, ಅಂದರೆ ಡಿವಿಡೆಂಡ್. ಲಾಭವೇ ಇಲ್ಲದ ಮೇಲೆ, ಹಂಚಿದ್ದು ಠೇವಣಿದಾರರ ದುಡ್ಡನ್ನೇ. ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ‘ಎ’ ದರ್ಜೆ ಎಂದು ಓದಿದಾಗ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ.

ಈಗ ನಮಗೆ ಲೆಕ್ಕ ಬಿಡಿಸಿ ಹೇಳುತ್ತಿರುವ ನವನಗರದ ಸಿಎ ಒಬ್ಬರು ನಕ್ಕರು. “ಇದೇನು ಹೊಸ ವಿದ್ಯೆ ಅಲ್ಲ” ಅಂದರು. ಹೈದರಾಬಾದಿನ ಸತ್ಯಂ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತಕ್ಕೆಂದೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಬ್ಯಾಂಕಿನಲ್ಲಿದೆ ಎಂದು ತೋರಿಸಿದ 5,000 ಕೋಟಿಗೂ ಜಾಸ್ತಿ ದುಡ್ಡು ಇರಲೇ ಇಲ್ಲ. 2019ರಲ್ಲಿ ಮುಳುಗಿದ ಮುಂಬೈನ ಪಿಎಂಸಿ ಸಹಕಾರಿ ಬ್ಯಾಂಕಿನಲ್ಲಿ ಒಂದೇ ಬಿಲ್ಡರ್ ಗುಂಪಿನ ಸಾಲ ಮುಚ್ಚಲು 21,049 ಸುಳ್ಳು ಖಾತೆ ಸೃಷ್ಟಿಸಿದ್ದರಂತೆ. ನಮ್ಮ ಚೇರ್ಮನ್ನರು ಇದನ್ನೆಲ್ಲ ಓದಿದವರಲ್ಲ. ತಾವಾಗಿಯೇ ಕಂಡುಕೊಂಡರು.

ನಾನು ಕೇಳಬೇಕಿದ್ದದ್ದು ಬಹಳವೇನಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಕೊಟ್ಟ ಸಾಲಗಳ ಪಟ್ಟಿ ತೆಗೆಸಿ, ಅದೇ ದಿನ ಯಾವ ಹಳೆ ಸಾಲ ಮುಚ್ಚಿತು ಎಂದು ಪಕ್ಕಕ್ಕಿಟ್ಟು ನೋಡಿದ್ದರೆ ಸಾಕಿತ್ತು. ಪಟ್ಟಿಯಲ್ಲಿದ್ದ ಹತ್ತು ಜನರಿಗೆ ಫೋನ್ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಸಂಘದ ದುಡ್ಡು ಇಟ್ಟ ಬ್ಯಾಂಕಿಗೆ ನಾವೇ ಹೋಗಿ ಖಾತೆಯಲ್ಲಿ ದುಡ್ಡು ಎಷ್ಟಿದೆ ಎಂದು ಪತ್ರ ಪಡೆಯಬಹುದಿತ್ತು. ಕಾರ್ಯದರ್ಶಿ ತಂದ ಜೆರಾಕ್ಸ್ ನಂಬಿದೆವು. ಆಡಿಟರ್ ಪ್ರತಿ ವರ್ಷ ಅವರೇ, ಊಟ ಚೇರ್ಮನ್ನರ ಮನೆಯಲ್ಲಿ. ಷೇರುಪೇಟೆಯ ಕಂಪನಿಗಳಲ್ಲಾದರೆ ಒಬ್ಬ ಆಡಿಟರ್ ಸತತ 5 ವರ್ಷ, ಆಡಿಟ್ ಸಂಸ್ಥೆಯಾದರೆ 10 ವರ್ಷ, ಆಮೇಲೆ ಬದಲಾಯಿಸಲೇಬೇಕು. ನಮ್ಮಲ್ಲಿ ಹಾಗೆ ಕೇಳಿದ್ದರೆ ‘ಇವನೇನು ಸಂಶಯದ ಮನುಷ್ಯ’ ಅನ್ನುತ್ತಿದ್ದರು. ಅನ್ನಲಿ ಬಿಡಿ, ಏನಾಗುತ್ತಿತ್ತು?

ಠೇವಣಿ ಇಡುವವರಿಗೂ ಒಂದು ಮಾತು. ನಮ್ಮೂರಲ್ಲಿ ಎಲ್ಲರೂ ಅದನ್ನು ‘ಬ್ಯಾಂಕ್’ ಅಂತಲೇ ಕರೆಯುತ್ತಿದ್ದರು. ಅದು ಬ್ಯಾಂಕ್ ಅಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ ಅಂತ ಮಗಳ ಮದುವೆ ದುಡ್ಡು ಇಟ್ಟವರು ಈಗ ದಿನಾ ಸಂಘದ ಕಟ್ಟೆಯ ಮೇಲೆ ಕೂತಿರುತ್ತಾರೆ. ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿ ಅಂಗಡಿಗೆ ಹೋಗುತ್ತೇನೆ.

“ನಾನೇನು ತಿಂದಿಲ್ಲ” ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಸಂಘಕ್ಕಾದ ನಷ್ಟವನ್ನು ಆಡಳಿತ ಮಂಡಳಿಯವರಿಂದ ವಸೂಲಿ ಮಾಡಲು ಸಹಕಾರ ಕಾಯ್ದೆಯಲ್ಲಿ ದಾರಿಯಿದೆ ಎಂದು ವಕೀಲರು ಹೇಳಿದ ಮೇಲೆ ಆ ಮಾತು ನಿಲ್ಲಿಸಿದೆ. ಬರುವ ಸೋಮವಾರ ವಿಚಾರಣಾಧಿಕಾರಿಗಳ ಮುಂದೆ ನನ್ನ ಹೇಳಿಕೆ ಇದೆ. ಖಾಲಿ ಹಾಳೆಗಳ ವಿಷಯವನ್ನೂ ಹೇಳುತ್ತೇನೆ.